ಒಂಟೆಬಂಡೆಯ ಹನ್ನೊಂದು ಸೀಸೆ

ಓತಿಕ್ಯಾತ ಹಿಡಿಯುವ ಕೆಲಸದಲ್ಲಿ ಮುಕ್ಕಾಲು ಪಾಲು ಸುಮ್ಮನೆ ನಿಲ್ಲುವುದೇ ಆಗಿರುತ್ತದೆ. ಕೈಯಲ್ಲಿ ಉದ್ದನೆಯ ಬಿದಿರಿನ ಕೋಲು, ಅದರ ತುದಿಗೆ ಗಾಳದ ದಾರದ ಸಣ್ಣ ಕುಣಿಕೆ, ನೆತ್ತಿಯ ಮೇಲೆ ಬಿಸಿಲು. ಓತಿ ಬಂಡೆಯ ತುದಿಯಲ್ಲಿ ಕೂತು ನಿಮ್ಮನ್ನೇ ನೋಡುತ್ತಿರುತ್ತದೆ. ನೀವು ಅದನ್ನು ನೋಡಲೇ ಇಲ್ಲವೆಂಬಂತೆ ನಿಂತಿರಬೇಕು, ಕೋಲನ್ನು ಮಾತ್ರ ಅಂಗುಲ ಅಂಗುಲವಾಗಿ ಮುಂದಕ್ಕೆ ಬಿಡಬೇಕು. ಹಾಗೆ ನಿಂತಾಗ ಮನಸ್ಸು ಎಲ್ಲೆಲ್ಲೋ ಹೋಗಿ ಬರುತ್ತದೆ. ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಕೂತಲ್ಲೇ ಕನಸು ಕಾಣುವವಳು ಅಂತ ಬೈಯುತ್ತಿದ್ದರು. ಅದೇ ಗುಣಕ್ಕೆ ಮುಂದೆ ಯಾರಾದರೂ ಸಂಬಳ ಕೊಟ್ಟಾರೆಂದು ಆಗ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಅಪ್ಪ ಗದಗದ ಕಡೆಯವರು. ಬಾಲಾನಗರದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ನಾನು ಹುಟ್ಟಿ ಬೆಳೆದದ್ದೆಲ್ಲ ಹೈದರಾಬಾದಿನಲ್ಲೇ; ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ. ಬಿ.ಎಸ್ಸಿ. ಮುಗಿಸಿ ಊರಿನ ಪಶ್ಚಿಮದ ಅಂಚಿನಲ್ಲಿರುವ ಒಂದು ವಿಶ್ವವಿದ್ಯಾಲಯದ ಜೀವವಿಜ್ಞಾನ ವಿಭಾಗಕ್ಕೆ ತಾಂತ್ರಿಕ ಸಹಾಯಕಿಯಾಗಿ ಸೇರಿದೆ. ಅಲ್ಲೇ ತಲೆ ಬೆಳ್ಳಗೆ ಮಾಡಿಕೊಂಡು ನಿವೃತ್ತಳಾದೆ. ಈಗ ಆ ಜಾಗಕ್ಕೆ ಇಬ್ಬರು ಹೊಸ ಹುಡುಗಿಯರು ಬಂದಿದ್ದಾರೆ. ಯಾವ ಡಬ್ಬಿ ಯಾವ ಕಪಾಟಿನಲ್ಲಿದೆ ಎಂದು ಕೇಳಲು ಫೋನ್ ಮಾಡಿದವರು, ಈ ಕೆಲಸ ನಿಜವಾಗಿ ಹೇಗಿರುತ್ತದೆ ಅಂತ ಒಂದಿಷ್ಟು ಬರೆದುಕೊಡಿ ಅಕ್ಕಾ ಎಂದರು. ಅವರಲ್ಲೊಬ್ಬಳು ಕಾಚಿಗೂಡದ ಕನ್ನಡ ಮನೆಯವಳು, ಇನ್ನೊಬ್ಬಳಿಗೆ ಅವಳೇ ಓದಿ ಹೇಳುತ್ತಾಳಂತೆ. ಡಬ್ಬಿಗಳ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಇಲ್ಲಿ ಬರೆಯುವುದು ಪಟ್ಟಿಯಲ್ಲಿ ಹಿಡಿಸದ ಸಂಗತಿಗಳು.

ಪ್ರತಿ ವರ್ಷ ಮಳೆ ಹಿಡಿದ ಮೇಲೆ ಎಂ.ಎಸ್ಸಿ. ಮಕ್ಕಳಿಗೆ ಹನ್ನೆರಡು ದಿನದ ಕ್ಷೇತ್ರ ಶಿಬಿರ ನಡೆಯುತ್ತಿತ್ತು. ಜೀವಿಗಳು ತಾವಿರುವ ಜಾಗದೊಂದಿಗೆ ಹೇಗೆ ಹೊಂದಿಕೊಂಡಿವೆ, ತಲೆಮಾರಿನಿಂದ ತಲೆಮಾರಿಗೆ ಹೇಗೆ ಬದಲಾಗುತ್ತವೆ ಎಂಬುದನ್ನು ಪುಸ್ತಕ ಬದಿಗಿಟ್ಟು ಕಣ್ಣಾರೆ ನೋಡುವ ಶಿಬಿರ. ಅದನ್ನು ನಡೆಸುತ್ತಿದ್ದವರು ವಸುಂಧರಾ ಮೇಡಂ. ಕೃಷ್ಣಾ ತೀರದ ಕಡೆಯ ತೆಲುಗಿನವರು, ಎತ್ತರದ ಆಳು, ಮಾತು ಕಡಿಮೆ. ದೂರದ ಕಾಡಿಗೆ ಕರೆದೊಯ್ಯದೆ ಇಲ್ಲೇ ಏಕೆ ಎಂದು ಮಕ್ಕಳು ಕೇಳಿದರೆ, ಅವರು ಕಿಟಕಿಯ ಹೊರಗಿನ ಬಂಡೆಗಳತ್ತ ಕೈ ತೋರಿಸುತ್ತಿದ್ದರು.

ಆ ಬಂಡೆಗಳಿಗೆಲ್ಲ ಮಕ್ಕಳೇ ಹೆಸರಿಟ್ಟಿದ್ದರು. ಹಾಸ್ಟೆಲಿನ ಹಿಂದೆ ಅಜ್ಜಿಬಂಡೆ, ಕೆರೆಯ ಪಕ್ಕ ಮಂಚಬಂಡೆ, ಕಾಂಪೌಂಡ್ ಗೋಡೆಯ ಆಚೆ ಕೊರಳೆತ್ತಿ ಕೂತ ಒಂಟೆಬಂಡೆ. ಮೂರರ ಮೇಲೂ ಓತಿಗಳಿದ್ದವು. ತೆಲುಗಿನ ಮಕ್ಕಳು ತೊಂಡ ಎನ್ನುತ್ತಿದ್ದರು. ಹೆಣ್ಣು ಕಲ್ಲಿನದೇ ಬಣ್ಣ, ಎದುರಿಗಿದ್ದರೂ ಕಾಣಿಸುವುದಿಲ್ಲ. ಗಂಡಿಗೆ ಮಳೆಗಾಲದಲ್ಲಿ ಬೆನ್ನು ಕೆಂಪೇರಿ, ಪಕ್ಕೆ ಕಾಡಿಗೆಯಷ್ಟು ಕಪ್ಪಾಗುತ್ತದೆ. ಹಗಲು ಒಂಬತ್ತರ ಹೊತ್ತಿಗೆ ಮೋಡ ಸರಿದು ಬಿಸಿಲು ಬಿದ್ದರೆ ಸಾಕು, ಬಂಡೆಬಂಡೆಯ ನೆತ್ತಿಯಲ್ಲಿ ಒಂದೊಂದು ಕೆಂಪು ಗಂಡು ಬಂದು ಕೂತು ದಂಡ ಹೊಡೆಯುತ್ತಿತ್ತು. ಎಲ್ಲವೂ ಒಂದೇ ಹೊತ್ತಿಗೆ, ಸದ್ದೇ ಇಲ್ಲದೆ. ಇಷ್ಟು ವರ್ಷವಾದರೂ ಕಣ್ಣು ಮುಚ್ಚಿದರೆ ಮೊದಲು ಕಾಣಿಸುವುದು ಅದೇ.

ಮೇಡಂ ಕೇಳುತ್ತಿದ್ದ ಪ್ರಶ್ನೆ ಸರಳವಾಗಿತ್ತು. ಈ ಬಂಡೆಯ ಓತಿಗಳು ಆ ಬಂಡೆಯವಕ್ಕೆ ನೆಂಟರೋ, ಅಪರಿಚಿತರೋ? ನಡುವಿನ ಬಯಲನ್ನು ಅವು ದಾಟುತ್ತವೋ, ಇಲ್ಲವೋ? ಇದನ್ನು ತಿಳಿಯಲು ಓತಿಯನ್ನು ಹಿಡಿದು, ಒಂದು ಬೆರಳ ತುದಿಯನ್ನು ಉಗುರಿನಷ್ಟು ಕತ್ತರಿಸಿ, ಹಿಡಿದಲ್ಲೇ ಬಿಡುತ್ತಿದ್ದೆವು. ಯಾವ ಬೆರಳು ಎಂಬುದು ಆ ಓತಿಯ ಗುರುತು. ಕತ್ತರಿಸಿದ ಚೂರು ಸೀಸೆಗೆ. ಅದರಿಂದ ಡಿಎನ್‌ಎ ತೆಗೆದರೆ ನೆಂಟಸ್ತಿಕೆ ಗೊತ್ತಾಗುತ್ತದೆ.

ಮೊದಲ ವರ್ಷದ್ದೊಂದು ಪ್ರಸಂಗ ಹೇಳಿಬಿಡುತ್ತೇನೆ, ನಗಲಿಕ್ಕೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ಶಾಲೆಯಲ್ಲಿ ಹೊಗಳಿಸಿಕೊಂಡವಳು ನಾನು. ಶಿಬಿರದಲ್ಲಿ ಹಿಡಿದ ಹಣ್ಣುನೊಣಗಳ ಸೀಸೆಯೊಳಗೆ ಹಾಕುವ ಚೀಟಿಗಳನ್ನು ಹೊಸ ಬಾಲ್‌ಪೆನ್ನಿನಿಂದ ಮುತ್ತು ಪೋಣಿಸಿದ ಹಾಗೆ ಬರೆದೆ. ಮರುದಿನ ನೋಡಿದರೆ ಚೀಟಿಗಳೆಲ್ಲ ಬೆಳ್ಳಗೆ, ಸ್ಪಿರಿಟ್ ತಿಳಿ ನೀಲಿ. ಯಾವ ನೊಣ ಯಾವ ಗಿಡದ್ದು ಎಂದು ದೇವರಿಗೇ ಗೊತ್ತು. ಮೇಡಂ ಬೈಯಲಿಲ್ಲ. ತಮ್ಮ ಕೈಯಲ್ಲಿದ್ದ ಪೆನ್ಸಿಲನ್ನು ನನ್ನ ಕೈಗಿಟ್ಟು, ಸ್ಪಿರಿಟ್ಟಿನಲ್ಲಿ ಇದೊಂದೇ ಉಳಿಯುವುದು ಎಂದು ತೆಲುಗಿನಲ್ಲಿ ಹೇಳಿ ಹೊರಟುಹೋದರು. ಅವತ್ತಿನಿಂದ ನನ್ನ ತುರುಬಿನಲ್ಲಿ ಹೂವಿಲ್ಲದ ದಿನ ಇದೆ, ಪೆನ್ಸಿಲ್ ಇಲ್ಲದ ದಿನ ಇಲ್ಲ.

ಆಗ ಸೀಸೆಗಳನ್ನು ಬೇಗಂ ಬಜಾರಿನಿಂದ ತರುತ್ತಿದ್ದೆ. ಅತ್ತರು ತುಂಬುವ ಪುಟ್ಟ ಗಾಜಿನ ಸೀಸೆಗಳು. ಅಷ್ಟು ಬಿಗಿಯಾದ ಮುಚ್ಚಳ ಬೇರೆಲ್ಲೂ ಸಿಗುತ್ತಿರಲಿಲ್ಲ. ವ್ಯಾಪಾರಿ ನನ್ನನ್ನು ಅತ್ತರಿನ ಅಂಗಡಿಯವಳೆಂದೇ ತಿಳಿದಿದ್ದ. ಒಮ್ಮೆ ವಾಪಸು ಬಂದ ಹಳೆಯ ಸೀಸೆಗಳನ್ನು ಕೊಟ್ಟುಬಿಟ್ಟ. ಎಷ್ಟು ತೊಳೆದರೂ ಗುಲಾಬಿಯ ವಾಸನೆ ಹೋಗಲಿಲ್ಲ. ಆ ವರ್ಷದ ಹಣ್ಣುನೊಣಗಳೆಲ್ಲ ಮದುವೆಗೆ ಹೊರಟವರ ಹಾಗೆ ಘಮಘಮಿಸುತ್ತಿದ್ದವು. ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ ಮಕ್ಕಳು ತಲೆಯೆತ್ತುತ್ತಲೇ ಇರಲಿಲ್ಲ. ಅವರು ನೊಣದ ಕಣ್ಣಿನ ಬಣ್ಣ ನೋಡುತ್ತಿದ್ದರೋ, ಇನ್ನೇನಾದರೂ ನೆನೆಯುತ್ತಿದ್ದರೋ ನಾನು ಕೇಳಲಿಲ್ಲ.

ಆಮೇಲೆ ಪ್ಲಾಸ್ಟಿಕ್ ಸೀಸೆಗಳು ಬಂದವು, ಕೆಂಪು ಮತ್ತು ಬಿಳಿ ಮುಚ್ಚಳದವು. ಕೆಲಸದ ರೀತಿಯೂ ಬದಲಾಯಿತು. ಹಿಂದೆ ಕಪ್ಪೆಮರಿಯಾಗಲಿ ಓತಿಯಾಗಲಿ, ಎಲ್ಲವನ್ನೂ ಫಾರ್ಮಲಿನ್‌ನಲ್ಲಿ ಮುಳುಗಿಸಿದರೆ ಮುಗಿಯಿತು. ನೂರು ವರ್ಷ ಕೆಡುವುದಿಲ್ಲ. ಡಿಎನ್‌ಎ ಕೆಲಸ ಶುರುವಾದಾಗ ಅದೇ ಫಾರ್ಮಲಿನ್ ವೈರಿಯಾಯಿತು. ಅದು ಆಕಾರವನ್ನು ಉಳಿಸುತ್ತದೆ, ಒಳಗಿನ ಡಿಎನ್‌ಎಯನ್ನು ಗಂಟು ಹಾಕಿ ಚೂರು ಮಾಡಿಬಿಡುತ್ತದೆ. ಬೆರಳ ಚೂರು ಶುದ್ಧ ಸ್ಪಿರಿಟ್ಟಿನಲ್ಲೇ ಇರಬೇಕು. ಅದಕ್ಕೇ ನಾನೊಂದು ಕಟ್ಟಳೆ ಮಾಡಿದೆ. ಕೆಂಪು ಮುಚ್ಚಳವೆಂದರೆ ಫಾರ್ಮಲಿನ್, ಬಿಳಿ ಮುಚ್ಚಳವೆಂದರೆ ಸ್ಪಿರಿಟ್. ಇಡೀ ವಿಭಾಗ ಆ ಕಟ್ಟಳೆಯನ್ನು ನಂಬಿ ನಡೆಯುತ್ತಿತ್ತು. ಅದನ್ನು ಮುರಿದವಳೂ ನಾನೇ.

ರೇಣುಕಾ ಬಂದದ್ದು ತೆಲಂಗಾಣ ಬೇರೆ ರಾಜ್ಯವಾದ ಮರುವರ್ಷ. ದೇವದುರ್ಗದ ಕಡೆಯವಳು. ಅಪ್ಪ ಹನುಮಂತಪ್ಪ, ಅವ್ವ, ಇಬ್ಬರೂ ಇಲ್ಲಿ ಕಲ್ಲಿನ ಕೆಲಸಕ್ಕೆ ಬಂದವರು. ಈ ಭಾಗದ ಎತ್ತರದ ಕಟ್ಟಡಗಳ ಬುನಾದಿಯೆಲ್ಲ ಅಂಥವರು ಅಗೆದದ್ದು. ಹುಡುಗಿ ಊರಲ್ಲಿ ಅಜ್ಜಿಯ ಹತ್ತಿರ ಓದಿ, ರಜೆಯಲ್ಲಿ ಇಲ್ಲಿಗೆ ಬಂದು ಅವ್ವನ ಜೊತೆ ಜಲ್ಲಿ ಹೊತ್ತವಳು. ವಿಭಾಗದಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ಮೊದಲ ದಿನ ನಾನು ತೆಲುಗಿನಲ್ಲಿ ಹೆಸರು ಕೇಳಿದರೆ ಅವಳು ನನ್ನ ಮಾತಿನ ಧಾಟಿ ಹಿಡಿದು, ನೀವು ನಮ್ಮ ಕಡ್ಯಾರೇನ್ರಿ ಅಕ್ಕಾ ಎಂದಳು. ಅವತ್ತಿನಿಂದ ನನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಅವಳದಾಯಿತು.

ಅವಳಿಗೆ ಒಂದು ಅಳುಕಿತ್ತು. ಹನಿ ಎಳೆಯುವ ಸಣ್ಣ ನಳಿಗೆಯನ್ನು ಮೊದಲ ವಾರವೇ ಕೈಜಾರಿಸಿ ಒಡೆದಿದ್ದಳು. ಬೇರೆ ಮಕ್ಕಳ ಬೆರಳು ನೋಡಿ ತನ್ನವನ್ನು ದುಪಟ್ಟಾದೊಳಗೆ ಮುಚ್ಚಿಕೊಳ್ಳುತ್ತಿದ್ದಳು. ಹಾರೆ ಹಿಡಿಯುವ ಕೈ, ಇಂಥ ನಾಜೂಕು ಕೆಲಸಕ್ಕೆ ಆಗೋದಿಲ್ಲ ಅನ್ನುತ್ತಿದ್ದಳು. ಆದರೆ ಬಂಡೆಯ ಮೇಲೆ ನಿಂತರೆ ಅವಳಷ್ಟು ಅಲ್ಲಾಡದೆ ಕೋಲು ಹಿಡಿಯುವವರು ನಮ್ಮಲ್ಲಿ ಯಾರೂ ಇರಲಿಲ್ಲ. ನಾವಿಬ್ಬರೂ ಅಕ್ಕಪಕ್ಕ ನಿಂತು, ಒಂದು ಗಂಟೆ ಮಾತಿಲ್ಲದೆ, ಒಂದೇ ಕೆಂಪು ಗಂಡನ್ನು ನೋಡುತ್ತ ಕಳೆದ ಬೆಳಗುಗಳಿವೆ. ಗಾಳಿಗೆ ಬೋದೆ ಹುಲ್ಲು ಬಾಗುತ್ತಿತ್ತು, ಬಂಡೆ ಬೆಚ್ಚಗಾಗುತ್ತಿತ್ತು. ಕೆಲಸದಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು.

ಅವಳ ಪ್ರಬಂಧದ ವಿಷಯ ಆ ಮೂರು ಬಂಡೆಗಳು. ಅಜ್ಜಿಬಂಡೆ, ಮಂಚಬಂಡೆಗಳ ಚೂರುಗಳು ಬಂದಿದ್ದವು. ಒಂಟೆಬಂಡೆ ಶಿಬಿರದ ಕೊನೆಯ ವಾರಕ್ಕೆ ಉಳಿದಿತ್ತು. ಅಲ್ಲಿ ರಸ್ತೆ ಬರುವ ಸುದ್ದಿ ಎಲ್ಲರಿಗೂ ಗೊತ್ತಿತ್ತು, ಇಷ್ಟು ಬೇಗ ಎಂದು ಯಾರಿಗೂ ಗೊತ್ತಿರಲಿಲ್ಲ.

ಆ ಶನಿವಾರ ಸಂಜೆ ನಾನು ಮರುದಿನದ ಕೆರೆ ಪಾಠಕ್ಕೆ ಸೀಸೆ ತುಂಬುತ್ತಿದ್ದೆ. ಕಪ್ಪೆಮರಿಗಳಿಗೆ ಫಾರ್ಮಲಿನ್. ಅರ್ಧದಲ್ಲಿ ಕೆಂಪು ಮುಚ್ಚಳ ಮುಗಿದವು. ಬೇಗಂ ಬಜಾರಿಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ, ನೆಗಡಿಯಾಗಿ ತಲೆಯೂ ಭಾರವಾಗಿತ್ತು. ಒಂದು ತಟ್ಟೆಯ ಸೀಸೆಗಳಿಗೆ ಬಿಳಿ ಮುಚ್ಚಳವನ್ನೇ ಹಾಕಿದೆ. ಬೆಳಿಗ್ಗೆ ಬಂದು ಚೀಟಿ ಅಂಟಿಸಿದರಾಯಿತು, ನನಗೆ ನೆನಪಿದ್ದೇ ಇರುತ್ತದೆ ಅಂದುಕೊಂಡೆ. ಮೇಜಿನ ಮೇಲೆ ಸ್ಪಿರಿಟ್ ತುಂಬಿದ ಬಿಳಿ ಮುಚ್ಚಳದ ಇನ್ನೊಂದು ತಟ್ಟೆ ಮೊದಲೇ ಇತ್ತು.

ಭಾನುವಾರ ಬೆಳಗಾಗುತ್ತಲೇ ರೇಣುಕಾಳ ಫೋನ್ ಬಂತು.

"ಅಕ್ಕಾ, ನಾಳೆ ಒಂಟೆಬಂಡಿಗೆ ಮದ್ದು ಇಡತಾರಂತ್ರಿ. ಅಪ್ಪನ ಗ್ಯಾಂಗಿಗೇ ಕೆಲಸ ಬಂದೈತಿ. ಇವತ್ತೊಂದ ದಿನ ಐತಿ ನಮಗ."

ನಾನು ವಿಭಾಗಕ್ಕೆ ಓಡಿ, ಚೀಟಿ ಅಂಟಿಸುವುದು ಮರೆತು, ಕೈಗೆ ಸಿಕ್ಕ ಬಿಳಿ ಮುಚ್ಚಳದ ತಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು, ಇನ್ನೊಂದನ್ನು ಕೆರೆಗೆ ಒಯ್ಯಲು ಮಕ್ಕಳಿಗೆ ಹೇಳಿ ಗೋಡೆಯಾಚೆಗೆ ನಡೆದೆ. ಬಂಡೆಯ ಬುಡದಲ್ಲಿ ಆಗಲೇ ರಂಧ್ರ ಕೊರೆಯುತ್ತಿದ್ದರು. ಬಿಳಿ ಪುಡಿ ಮಂಜಿನ ಹಾಗೆ ಹಬ್ಬಿತ್ತು. ಹನುಮಂತಪ್ಪ ಮೇಸ್ತ್ರಿಯ ಹತ್ತಿರ ಮಾತಾಡಿ ನಮಗಾಗಿ ಮೂರು ತಾಸು ಯಂತ್ರ ನಿಲ್ಲಿಸಲು ಒಪ್ಪಿಸಿದ. ಸದ್ದು ನಿಂತ ಮೇಲೆ ಒಂದೊಂದೇ ಓತಿ ಸಂದಿನಿಂದ ಹೊರಬಂದು, ಏನೂ ಆಗಿಲ್ಲವೆಂಬಂತೆ ಬಿಸಿಲಿಗೆ ಮೈಯೊಡ್ಡಿತು. ರೇಣುಕಾ ಕೋಲು ಹಿಡಿದಳು, ನಾನು ಚೀಟಿ ಬರೆದೆ. ಹನ್ನೊಂದು ಓತಿ ಸಿಕ್ಕವು. ಅವನ್ನು ಚೀಲದಲ್ಲಿ ಅಜ್ಜಿಬಂಡೆಗೆ ಒಯ್ದು ಬಿಡೋಣ ಎಂದು ಅವಳು ಬೇಡಿಕೊಂಡಳು. ಹಿಡಿದಲ್ಲೇ ಬಿಡಬೇಕೆಂಬುದು ಮೇಡಂ ನಿಯಮ. ನಾವೇ ಬೆರೆಸಿದರೆ ಅವು ತಾವಾಗಿ ದಾಟುತ್ತವೋ ಇಲ್ಲವೋ ಎಂಬ ಪ್ರಶ್ನೆಯೇ ಸತ್ತುಹೋಗುತ್ತದೆ. ನಾನು ಒಪ್ಪಲಿಲ್ಲ. ಒಂದೊಂದನ್ನೂ ಅದರದರ ಕಲ್ಲಿನ ಮೇಲೆ ಬಿಡುವಾಗ ಅವಳು ಮುಖ ಆಚೆ ತಿರುಗಿಸಿಕೊಂಡಿದ್ದಳು.

ನಡುವೆ ಒಮ್ಮೆ ಸೀಸೆ ತೆರೆದು, "ಅಕ್ಕಾ, ಕಣ್ಣು ಉರಿಯಾಕತ್ತಾವ್ರಿ" ಎಂದಳು.

"ಕಲ್ಲಿನ ಪುಡಿ ಬಿಡವಾ, ಕೆಲಸ ಮಾಡು" ಎಂದೆ. ನನ್ನ ಮೂಗು ಕಟ್ಟಿತ್ತು. ನನಗೆ ಯಾವ ವಾಸನೆಯೂ ಬರುತ್ತಿರಲಿಲ್ಲ.

ಸೋಮವಾರ ಮಧ್ಯಾಹ್ನ ಪ್ರಯೋಗಾಲಯದ ಕಿಟಕಿಗಳೆಲ್ಲ ಒಮ್ಮೆ ನಡುಗಿದವು. ಸಂಜೆ ಹನುಮಂತಪ್ಪ ಮಗಳನ್ನು ನೋಡಲು ಗೇಟಿನ ಹತ್ತಿರ ಬಂದಿದ್ದ. ಹುಬ್ಬಿನವರೆಗೆ ಬಿಳಿ ಪುಡಿ.

"ಮದ್ದು ಇಡೂ ಮೊದ್ಲ ಹಾರಿಲೆ ಬಂಡಿ ಬಡದು ಓಡಿಸೀವ್ರಿ ಅಕ್ಕಾರ" ಎಂದ. "ಎಷ್ಟ ಓಡಿದ್ವೋ ಗೊತ್ತಿಲ್ಲ. ನಿಮ್ಮ ಸೀಸ್ಯಾಗ ಅಂತೂ ಅದಾವಲ್ಲ, ಬಿಡ್ರಿ."

ಮಂಗಳವಾರ ಮಕ್ಕಳು ಕೆರೆಯ ಕಪ್ಪೆಮರಿಗಳನ್ನು ನೋಡಲು ಕೂತರು. ಬಿಳಿ ಮುಚ್ಚಳದ ಸೀಸೆಗಳಲ್ಲಿದ್ದ ಮರಿಗಳೆಲ್ಲ ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿದ್ದವು. ಒಬ್ಬ ಹುಡುಗ ಇದು ಯಾವ ರೋಗ ಎಂದು ಕೇಳಿದ. ಫಾರ್ಮಲಿನ್‌ನಲ್ಲಿಟ್ಟ ಕಪ್ಪೆಮರಿ ಎಂದಾದರೂ ಸುಕ್ಕಾಗುವುದುಂಟೆ? ಕಟುವಾದ ಸ್ಪಿರಿಟ್ಟಿನಲ್ಲಿಟ್ಟರೆ ಆಗುತ್ತದೆ. ಕೆರೆಯ ತಂಡ ಒಯ್ದದ್ದು ಸ್ಪಿರಿಟ್ಟಿನ ತಟ್ಟೆ. ಹಾಗಾದರೆ ಬಂಡೆಗೆ ನಾನು ಒಯ್ದದ್ದು ಯಾವುದು? ಒಳಗೆ ಹೋಗಿ ಒಂಟೆಬಂಡೆಯ ಸೀಸೆಯೊಂದನ್ನು ತೆರೆದೆ. ನೆಗಡಿ ಬಿಟ್ಟಿತ್ತು. ಫಾರ್ಮಲಿನ್ ಮೂಗಿಗೆ ಹೊಡೆಯಿತು.

ಇಲ್ಲಿಂದ ಮುಂದಿನದು ಬರೆಯಲು ನನಗೆ ನಾಚಿಕೆ. ಆದರೆ ಹೊಸಬರು ಓದಬೇಕಾದದ್ದು ಇದನ್ನೇ. ಕಪ್ಪೆಮರಿಗಳ ವಿಷಯವನ್ನು ಮೇಡಂಗೆ ಹೇಳಿದೆ, ತಟ್ಟೆ ತಪ್ಪಿಹೋಯಿತು ಎಂದೆ. ಪಾಠದ ಮರಿಗಳು ತಾನೇ, ಮತ್ತೆ ಹಿಡಿದರಾಯಿತು ಎಂದು ಅವರು ನಕ್ಕುಬಿಟ್ಟರು. ಇನ್ನರ್ಧವನ್ನು ನುಂಗಿದೆ. ಯಾರೂ ಇಲ್ಲದಾಗ ಹನ್ನೊಂದು ಚೂರುಗಳನ್ನೂ ತೊಳೆದು ಹೊಸ ಸ್ಪಿರಿಟ್ಟಿಗೆ ಹಾಕಿ, ಅವೇ ಚೀಟಿಗಳನ್ನು ಇಟ್ಟು ಮುಚ್ಚಳ ತಿರುಗಿಸಿದೆ. ಒಂದುವೇಳೆ ಉಳಿದರೆ ಉಳಿಯಲಿ ಎಂದು ಮನಸ್ಸಿಗೆ ಹೇಳಿಕೊಂಡೆ. ಬಂಡೆ ಹೋಗಿದೆ, ಮತ್ತೆ ಹಿಡಿದು ತರುವಂತಿಲ್ಲ, ಹೇಳಿ ಯಾರಿಗೆ ಲಾಭ ಎಂದೂ ಹೇಳಿಕೊಂಡೆ. ನನ್ನಂಥ ಕನಸುಗಾತಿಗೆ ತನ್ನ ಕಣ್ಣಿಗೇ ಮಣ್ಣೆರಚಿಕೊಳ್ಳುವುದು ಸುಲಭ.

ಹದಿನೈದು ದಿನದ ಮೇಲೆ ರೇಣುಕಾ ಡಿಎನ್‌ಎ ತೆಗೆಯಲು ಕೂತಳು. ಅಜ್ಜಿಬಂಡೆ, ಮಂಚಬಂಡೆಗಳದ್ದು ಬೆಳಕಿಗೆ ಹಿಡಿದಾಗ ಸಾಲಾಗಿ ಹೊಳೆದವು. ಒಂಟೆಬಂಡೆಯ ಹನ್ನೊಂದು ಜಾಗ ಕತ್ತಲೆ, ಎಂದರೆ ಡಿಎನ್‌ಎ ಇಲ್ಲ. ಮತ್ತೆ ಮಾಡಿದಳು, ಮತ್ತೆ ಕತ್ತಲೆ. ಮೂರನೆಯ ಸಲ ಊಟ ಬಿಟ್ಟು ಮಾಡಿದಳು. ಆಮೇಲೆ ತೊಟ್ಟಿಯ ಹತ್ತಿರ ನಿಂತು ಕೈ ತೊಳೆಯುತ್ತಲೇ ಇದ್ದಳು. ನಾನು ಹತ್ತಿರ ಹೋದೆ.

"ನನ್ನ ಕೈ ಸರಿ ಇಲ್ಲರಿ ಅಕ್ಕಾ" ಎಂದಳು. "ಎಲ್ಲಾರದೂ ಬರತೈತಿ, ನಂದಷ್ಟ ಬರವಲ್ದು. ಅಪ್ಪ ಮೇಸ್ತ್ರಿ ಕಾಲ ಹಿಡದು ಮೂರು ತಾಸು ಕೊಡಿಸಿದ್ದ. ನಾ ಹಾಳ ಮಾಡಿದೆ. ಈ ಕಲಿಕಿ ನನಗ ಬ್ಯಾಡ, ಬಿಟ್ಟ ಹೋಗತೀನಿ."

ನಾನು ನಲ್ಲಿ ನಿಲ್ಲಿಸಿ ಹೇಳಿದೆ. ಮುಚ್ಚಳ, ತಟ್ಟೆ, ನೆಗಡಿ, ಕಪ್ಪೆಮರಿ, ನುಂಗಿದ ಅರ್ಧ, ಎಲ್ಲವನ್ನೂ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಕೈ ಒರೆಸಿಕೊಳ್ಳುತ್ತ ಒಂದೇ ಮಾತು ಆಡಿದಳು.

"ಕಣ್ಣು ಉರಿಯಾಕತ್ತಾವ ಅಂತ ನಾ ಅವತ್ತ ಹೇಳಿದ್ನೆಲ್ರಿ."

ಅದಾದ ಮೇಲೆ ಅವಳು ನನ್ನನ್ನು ಅಕ್ಕಾ ಎನ್ನಲಿಲ್ಲ. ಉಳಿದವರ ಹಾಗೆ ಮೇಡಂ ಅನ್ನತೊಡಗಿದಳು. ನನ್ನ ಬುತ್ತಿಯ ಅರ್ಧ ರೊಟ್ಟಿ ದಿನಾ ಹಾಗೇ ಮನೆಗೆ ಮರಳುತ್ತಿತ್ತು.

ವಸುಂಧರಾ ಮೇಡಂ ಮುಂದೆ ನಿಂತು ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಲಸ ಹೋಗುತ್ತದೆಂದು ನಾನು ತಯಾರಾಗಿದ್ದೆ. ಆ ಸೀಸೆಗಳನ್ನು ಎಸೆದುಬಿಡಲೇ ಎಂದು ಕೇಳಿದೆ. ಅವರಿಗೆ ಸಿಟ್ಟು ಬಂದದ್ದು ಆಗ. ತಪ್ಪು ಮಾಡಿದ್ದಕ್ಕಿಂತ, ಹದಿನೈದು ದಿನ ಬಚ್ಚಿಟ್ಟದ್ದಕ್ಕಿಂತ, ಎಸೆಯುತ್ತೇನೆ ಎಂದದ್ದೇ ಅವರಿಗೆ ದೊಡ್ಡದಾಗಿತ್ತು. ಆ ಬಂಡೆಯಿಂದ ಜಗತ್ತಿನಲ್ಲಿ ಉಳಿದಿರುವುದು ಅದೊಂದೇ ಎಂದರು. ಏನಾಯಿತೋ ಅದನ್ನು ಇದ್ದ ಹಾಗೆ ಬರೆದು ಒಳಗಿಡಿ, ಎಷ್ಟು ಹೊತ್ತು ಯಾವುದರಲ್ಲಿತ್ತು, ಯಾರಿಂದ ಹಾಗಾಯಿತು, ಎಲ್ಲ ಇರಲಿ ಎಂದರು. ನಮಗೆ ಓದಲು ಬಾರದ್ದನ್ನು ಮುಂದೆ ಬರುವವರು ಓದಬಹುದು ಎಂದೂ ಹೇಳಿದರು. ನನಗೆ ಆಗ ಅದು ಬರಿಯ ಸಮಾಧಾನದ ಮಾತು ಎನಿಸಿತ್ತು.

ಒಂದಿಡೀ ಮಧ್ಯಾಹ್ನ ಕೂತು ಹನ್ನೊಂದು ಹೊಸ ಚೀಟಿ ಬರೆದೆ. ಮೊದಲು ಫಾರ್ಮಲಿನ್, ಸುಮಾರು ಐವತ್ತು ಗಂಟೆ, ಆಮೇಲೆ ಸ್ಪಿರಿಟ್, ತಪ್ಪು ಸಹಾಯಕಿ ಮಹಾನಂದಾಳದು. ಇಷ್ಟನ್ನು ಇಂಗ್ಲಿಷಿನಲ್ಲಿ, ಹೆಬ್ಬೆರಳಿನಷ್ಟು ಕಾಗದದ ಮೇಲೆ. ಒಂದು ಚೀಟಿಯ ಹಿಂದೆ ಮಾತ್ರ ಕನ್ನಡದಲ್ಲಿ ಒಂದು ಸಾಲು ಬರೆದೆ. ಮೇಡಂ ಅದನ್ನು ತಿರುಗಿಸಿ ನೋಡಿದರು, ಅವರಿಗೆ ಆ ಲಿಪಿ ಪೂರ್ತಿ ಓದಲು ಬರುತ್ತಿರಲಿಲ್ಲ. ಕೇಳಲೂ ಇಲ್ಲ.

ರೇಣುಕಾ ಕಲಿಕೆ ಬಿಡಲಿಲ್ಲ. ಎರಡೇ ಬಂಡೆಗಳ ಮೇಲೆ ಪ್ರಬಂಧ ಬರೆದು, ಮೂರನೆಯದರ ಜಾಗದಲ್ಲಿ ನಡೆದದ್ದನ್ನು ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದಳು. ಸಂಶೋಧನೆಗೆ ಬೇರೆ ಊರಿಗೆ ಹೋದಳು. ಹೋಗುವ ದಿನ ನಾನು ಬೇಕೆಂದೇ ಅಜ್ಜಿಬಂಡೆಯ ಕಡೆ ಹೋಗಿದ್ದೆ. ಅವಳು ಬಂದು ಹೇಳಿ ಹೋಗುವಳೋ ಇಲ್ಲವೋ ಎಂಬುದನ್ನು ತಿಳಿಯುವ ಧೈರ್ಯ ನನಗಿರಲಿಲ್ಲ.

ಅಲ್ಲಿಂದ ನಿವೃತ್ತಿಯವರೆಗೆ ಶಿಬಿರಗಳು ನಡೆದವು. ವಸುಂಧರಾ ಮೇಡಂ ನಿವೃತ್ತರಾಗಿ, ಮುಂದೆ ತೀರಿಕೊಂಡರು. ಒಂಟೆಬಂಡೆ ಇದ್ದಲ್ಲಿ ಆರು ಸಾಲಿನ ರಸ್ತೆ. ನಾನು ಕಪಾಟು ಸಾರಿಸುವಾಗಲೆಲ್ಲ ಆ ಹನ್ನೊಂದು ಸೀಸೆಗಳಿಗೆ ಆರಿದಷ್ಟು ಸ್ಪಿರಿಟ್ ತುಂಬುತ್ತಿದ್ದೆ. ಕನಸಿನಲ್ಲಿ ಆ ಬಂಡೆ ಬರುತ್ತಿತ್ತು. ಕೊರಳೆತ್ತಿ ಕೂತಿರುತ್ತಿತ್ತು, ಮೇಲೆ ಬಿಸಿಲು, ಹನ್ನೊಂದು ಓತಿ. ಯಾವ ಸದ್ದೂ ಇರುತ್ತಿರಲಿಲ್ಲ. ಎದ್ದ ಮೇಲೂ ಸ್ವಲ್ಪ ಹೊತ್ತು ಅದು ಅಲ್ಲೇ ಇದೆ ಎನಿಸುತ್ತಿತ್ತು.

ಈ ವರ್ಷ ಮಳೆ ಹಿಡಿದ ಮೇಲೆ ಒಂದು ಫೋನ್ ಬಂತು. ಮೇಡಂ, ನಾನು ರೇಣುಕಾ ಎಂದಿತು ದನಿ. ಅವಳೀಗ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ತನ್ನ ತರಗತಿಯ ಮಕ್ಕಳನ್ನು ಅದೇ ಬಂಡೆಗಳಿಗೆ ಶಿಬಿರಕ್ಕೆ ಕರೆತಂದಿದ್ದಳು, ಬೆಳಿಗ್ಗೆ ಬರಲು ಆಗುತ್ತದೆಯೇ ಎಂದು ಕೇಳಿದಳು. ಹೊಸ ಸೀರೆ ಉಟ್ಟುಕೊಂಡು ಹೊರಟೆ. ಬಂಡೆ ಹತ್ತುವವರು ಯಾರೂ ಹೊಸ ಸೀರೆ ಉಡುವುದಿಲ್ಲ ಎಂದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು.

ಅಜ್ಜಿಬಂಡೆಯ ಮೇಲೆ ಅವಳ ಮಕ್ಕಳು ಕೋಲು ಹಿಡಿದು ನಿಂತಿದ್ದರು, ಎಲ್ಲರೂ ಕಲ್ಲಾದ ಹಾಗೆ. ಅವಳು ನನ್ನನ್ನು ನೆರಳಿಗೆ ಕೂರಿಸಿ, ಮೆಲ್ಲಗೆ ವಿಷಯ ಹೇಳಿದಳು. ಈಗ ಹೊಸ ವಿಧಾನ ಬಂದಿದೆಯಂತೆ. ಫಾರ್ಮಲಿನ್‌ನಲ್ಲಿದ್ದ ಹಳೆಯ ಮಾದರಿಗಳ ಚೂರುಚೂರಾದ ಡಿಎನ್‌ಎಯನ್ನೂ ಆಯ್ದು ಓದುತ್ತಾರಂತೆ. ಆದರೆ ಎಷ್ಟು ಹೊತ್ತು ಅದರಲ್ಲಿತ್ತು ಎಂದು ಗೊತ್ತಿರಬೇಕು. ಅದರ ಮೇಲೆ ಮುಂದಿನ ಕ್ರಮ. ಅವಳು ವಿಭಾಗಕ್ಕೆ ಪತ್ರ ಬರೆದು ಒಂಟೆಬಂಡೆಯ ಸೀಸೆಗಳನ್ನು ತರಿಸಿಕೊಂಡಿದ್ದಳು. ಐವತ್ತು ಗಂಟೆ ಎಂದು ಚೀಟಿಯಲ್ಲಿತ್ತು. ಹನ್ನೊಂದರಲ್ಲಿ ನಾಲ್ಕು ಓದಲು ಬಂದವು. ಅದರಲ್ಲೊಂದು ಹೆಣ್ಣಿನ ತಾಯಿಗೆರೆ, ಅಂದರೆ ತಾಯಿಯಿಂದ ಮಾತ್ರ ಮರಿಗಳಿಗೆ ಇಳಿದುಬರುವ ಡಿಎನ್‌ಎ ಗುರುತು, ಬೇರೆಯೇ ತರಹದ್ದು. ರೇಣುಕಾ ವಿದ್ಯಾರ್ಥಿನಿಯಾಗಿದ್ದ ವರ್ಷ ಅಜ್ಜಿಬಂಡೆಯ ಯಾವ ಓತಿಯಲ್ಲೂ ಅದು ಇರಲಿಲ್ಲ. ಈ ವರ್ಷ ಬೇಸಿಗೆಯಲ್ಲಿ ಅಲ್ಲೇ ಹಿಡಿದವುಗಳಲ್ಲಿ ಎರಡರಲ್ಲಿ ಇದೆ.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬಯಲು ದಾಟಿ ಬಂದಿದ್ದವು. ಹನುಮಂತಪ್ಪ ಹಾರೆಯಿಂದ ಬಂಡೆ ಬಡಿದಾಗ ಓಡಿದವು ಗೋಡೆ ಹತ್ತಿ ಈ ಕಡೆಗೆ ಬಂದಿದ್ದವು. ನಾನು ಎದುರಿನ ಕಲ್ಲುಗಳನ್ನು ನೋಡುತ್ತ ಕೂತೆ. ಬಿಸಿಲೇರಿತ್ತು. ನೆತ್ತಿಯ ಮೇಲೆ ಒಂದು ಗಂಡು ಕೆಂಪಗೆ ದಂಡ ಹೊಡೆಯುತ್ತಿತ್ತು. ಅದು ಯಾವ ಬಂಡೆಯ ಮೊಮ್ಮಗನೋ.

ಅಪ್ಪನಿಗೆ ಹೇಳಿದೆಯಾ ಎಂದು ಕೇಳಿದೆ. ಹೇಳಿದ್ದಳಂತೆ. ಆತ ಊರಲ್ಲಿದ್ದಾನೆ, ಫೋನಿನಲ್ಲಿ ಎಷ್ಟು ಓಡಿದ್ವು ಅಂತ ಮತ್ತೆ ಮತ್ತೆ ಕೇಳಿದನಂತೆ.

ಆಮೇಲೆ ಅವಳು ಚೀಲದಿಂದ ಒಂದು ಸೀಸೆ ತೆಗೆದಳು. ಬಿಳಿ ಮುಚ್ಚಳ ಹಳದಿಗಟ್ಟಿತ್ತು. ಅದನ್ನು ವಾಲಿಸಿ ಒಳಗಿನ ಚೀಟಿಯ ಹಿಂಬದಿ ಕಾಣುವಂತೆ ತಿರುಗಿಸಿ ಹಿಡಿದಳು. ನನ್ನದೇ ಪೆನ್ಸಿಲಿನ ಅಕ್ಷರ, ಒಂದೂ ಮಾಸಿರಲಿಲ್ಲ. "ರೇಣುಕಾನ ಕೈಯೊಳಗ ಏನೂ ತಪ್ಪಿಲ್ಲ."

"ಹಿಂಗಂತ ಬರದೀರಿ ಅಂತ ನನಗ ಯಾಕ ಹೇಳಲಿಲ್ರಿ?" ಎಂದಳು.

ನೀನು ಮಾತಾಡುತ್ತಿರಲಿಲ್ಲವಲ್ಲ ಎಂದೆ. ಅವಳು ನಕ್ಕಳೋ ಅತ್ತಳೋ, ಬಿಸಿಲಿಗೆ ನನಗೆ ಸರಿಯಾಗಿ ಕಾಣಲಿಲ್ಲ. ಈ ಸೀಸೆಯನ್ನು ತೆರೆದ ದಿನ ಪ್ರಯೋಗಾಲಯದಲ್ಲಿ ಒಬ್ಬಳೇ ಇದ್ದೆ ಎಂದಳು. ಇಷ್ಟು ವರ್ಷ ಪ್ರತಿ ಸಲ ನಳಿಗೆ ಹಿಡಿಯುವಾಗಲೂ ಒಂದು ಅಳುಕು ಇದ್ದೇ ಇರುತ್ತಿತ್ತಂತೆ. ಚೀಟಿಯನ್ನು ಓದಿ, ಅದನ್ನು ಮೇಜಿನ ಮೇಲಿಟ್ಟು, ಆ ನಾಲ್ಕು ಮಾದರಿಗಳ ಕೆಲಸವನ್ನು ತಾನೇ ಕೂತು ಮಾಡಿದಳಂತೆ.

ಅಷ್ಟರಲ್ಲಿ ಮಕ್ಕಳು ಆ ಕೆಂಪು ಗಂಡನ್ನು ಹಿಡಿದು ತಂದರು. ರೇಣುಕಾ ಅದನ್ನು ಎಡಗೈಯಲ್ಲಿ ಹಗುರಾಗಿ ಹಿಡಿದು, ಬೆರಳ ತುದಿ ಕತ್ತರಿಸಿ ಸೀಸೆಗೆ ಹಾಕಿದಳು. ದಪ್ಪ ಬೆರಳು, ಗೆಣ್ಣಿನ ಮೇಲೆ ಹಳೆಯ ಗಾಯದ ಗುರುತು. ಒಂದಿಷ್ಟೂ ನಡುಗಲಿಲ್ಲ. ಸೀಸೆಯನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದಳು, ಆಮೇಲೆ ನನ್ನ ಮೂಗಿನ ಹತ್ತಿರವೂ ಹಿಡಿದಳು. ಸ್ಪಿರಿಟ್ಟೇ.

"ಚೀಟಿ ನೀವ ಬರೀರಿ ಅಕ್ಕಾ" ಎಂದಳು.

ನಾನು ತುರುಬಿಗೆ ಕೈ ಹಾಕಿದೆ. ಪೆನ್ಸಿಲ್ ಅಲ್ಲೇ ಇತ್ತು.